ಗಿಡ್ಡನ ಕಿವಿಯ ನಂಬರು

ಬಂಡೂರು
17 ಫೆಬ್ರವರಿ 2025

ಶೋಭಾರಾಣಿ ಮೇಡಂ ಅವರಿಗೆ ಪುಷ್ಪಾ ಮಾಡುವ ನಮಸ್ಕಾರಗಳು.

ನನ್ನ ನೆನಪಿದೆಯೋ ಇಲ್ಲವೋ. ನೀವು ನಮ್ಮೂರ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವಾಗ ಗೋಡೆ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆ. ಆಮೇಲೆ ಇದೇ ಊರಿಗೆ ಸೊಸೆಯಾದೆ. ನನ್ನ ಗಂಡ ಸಿದ್ದರಾಮು ಕೂಡ ನಿಮ್ಮ ಕೈಕೆಳಗೆ ಓದಿದವರೇ. ಮೊನ್ನೆ ನಿಮಗೆ ಎರಡು ಸಲ ಫೋನು ಮಾಡಿದೆ. "ಯಾರು? ಜೋರಾಗಿ ಹೇಳಿ" ಅಂತ ಗದರಿ ಇಟ್ಟುಬಿಟ್ಟಿರಿ. ಕಿವಿ ಮಂದವಾಗಿದೆ ಅಂತ ಆಮೇಲೆ ತಿಳಿಯಿತು. ಮದ್ದೂರಿಗೇ ಬರೋಣ ಅಂದರೆ ಇದು ಕುರಿಗಳು ಮರಿ ಹಾಕುವ ಕಾಲ. ಅದಕ್ಕೇ ಈ ಕಾಗದ.

ವಿಷಯ ಏನೆಂದರೆ, ಯುಗಾದಿಯ ಮಾರನೇ ದಿನ ವರ್ಷತೊಡಕಿಗೆ ನಮ್ಮ ಬೀದಿಯ ಇಪ್ಪತ್ತೊಂಬತ್ತು ಮನೆ ಸೇರಿ ಗುಡ್ಡೆ ಬಾಡು ಮಾಡುತ್ತೇವೆ. ಟಗರು ಕಡಿದು, ಎಲೆ ಹಾಸಿ, ಮನೆಗೊಂದರಂತೆ ಸಮಸಮ ಗುಡ್ಡೆ ಹಾಕಿ ಹಂಚುವುದು. ಮೊದಲ ಟಗರು ಸರದಿಯ ಮನೆಯದು, ಈ ವರ್ಷದ ಸರದಿ ನಮ್ಮದು. ನಮ್ಮತ್ತೆ ಚಿಕ್ಕಬೋರಮ್ಮ ಗಿಡ್ಡನನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಗಿಡ್ಡ ಅಂದರೆ ನಮ್ಮ ಟಗರು. ಹುಟ್ಟಿದ ದಿನವೇ ತಾಯಿ ಸತ್ತಿತು, ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದು. ನಾನು ಬಸ್ಸು ಹತ್ತಲು ಹೋದರೆ ರಸ್ತೆವರೆಗೂ ಬಂದು ನಿಲ್ಲುತ್ತಾನೆ.

ಅತ್ತೆ ಯಾವ ಕೆಲಸಕ್ಕೂ ಮುಂಚೆ ಪಟ್ಟಲಮ್ಮ ತಾಯಿಯ ಮುಂದೆ ಒಂದು ಹಿಡಿ ಅವರೆಕಾಳು ಹಿಡಿದು ಎರಡೆರಡಾಗಿ ಎಣಿಸುತ್ತಾರೆ. ಸರಿಹೋದರೆ ಸರಿ, ಕಾಳು ಉಳಿದರೆ ತಾಯಿ ಬೇಡ ಅಂದ ಹಾಗೆ. ಗಿಡ್ಡನ ವಿಷಯಕ್ಕೆ ಹಿಡಿದಾಗ ಒಂದು ಉಳಿಯಿತು. ಗುಡ್ಡೆ ಯಜಮಾನ ಕರಿಯಯ್ಯನವರು, ಸೊಸೆ ಕಾಳಿನಲ್ಲಿ ಕೈಚಳಕ ಮಾಡಿದಳು ಅಂದರು. ಅದಕ್ಕೆ ಅತ್ತೆ, "ಅವನ ಕಿವೀಲಿ ಪಶು ಆಸ್ಪತ್ರೆಯೋರು ಆಕಿರೋ ನಂಬ್ರ ಐತಲ್ಲಾ, ಅದ ನಾನೂ ಬರ್ದಿಲ್ಲ, ನೀನೂ ಬರ್ದಿಲ್ಲ. ಅಷ್ಟು ಕಾಳು ಅಂತ ತಿಳ್ಕೊ. ಇಪ್ಪತ್ತೊಂಬತ್ತು ಗುಡ್ಡೆಗೆ ಸರಿಯಾಗಿ ಬಿದ್ರೆ ಗಿಡ್ಡ ಗುಡ್ಡೆಗೆ. ಒಂದುಳುದ್ರೂ ಬ್ಯಾಡ" ಅಂದರು. ಲೆಕ್ಕ ಯಾರು ಮಾಡುವುದು ಅಂದಾಗ ನಿಮ್ಮ ಹೆಸರು ಹೇಳಿದವರೂ ಅವರೇ. "ನನ್ ಮಗುಂಗೇ ಸೊನ್ನೆ ಕೊಟ್ಟೋಳು ಕಣಮ್ಮ ಆವಮ್ಮ, ಸುಳ್ಳು ಯೋಳಾಕಿಲ್ಲ" ಅಂತ.

ನಂಬರು ಇದು: 200560490130.

ಇಪ್ಪತ್ತೊಂಬತ್ತಕ್ಕೆ ಭಾಗಿಸಿ ಉತ್ತರ ಬರೆದು ಕಳಿಸಿ. ನನಗೇನೂ ಇಲ್ಲ ಮೇಡಂ, ಲೆಕ್ಕ ಹೇಗೆ ಬಂದರೆ ಹಾಗೆ.

ಇತಿ ನಿಮ್ಮ ವಿದ್ಯಾರ್ಥಿನಿ
ಪುಷ್ಪಾ


ಮದ್ದೂರು
22 ಫೆಬ್ರವರಿ 2025

ಪುಷ್ಪಾ,

ನೆನಪಿಲ್ಲದೆ ಏನು? ಅಳುತ್ತಾ ಬೋರ್ಡಿಗೆ ಬಂದು, ಸರಿ ಉತ್ತರ ಬರೆದು, ಮತ್ತೆ ಅಳುತ್ತಾ ಹೋಗಿ ಕೂರುತ್ತಿದ್ದವಳು ನೀನೊಬ್ಬಳೇ. ನಿನ್ನ ಗಂಡನಿಗೆ ಸೊನ್ನೆ ಕೊಟ್ಟದ್ದೂ ನೆನಪಿದೆ. ಅವನು ಅದಕ್ಕೆ ಅರ್ಹನಾಗಿದ್ದ.

ನಿನ್ನ ಕಾಗದ ಬಂದಾಗ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಸೊಪ್ಪು ಹಾಗೇ ಬಾಡಿಹೋಯಿತು. ಅಷ್ಟು ಸೊಗಸಾದ ನಂಬರು ಕಣೇ! ಇಪ್ಪತ್ತೊಂಬತ್ತಕ್ಕೆ ಭಾಗಿಸಿದೆ. ಭಾಗಲಬ್ಧ 6915878970, ಶೇಷ ಸೊನ್ನೆ. ಒಂದು ಕಾಳೂ ಉಳಿಯುವುದಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಲಿಲ್ಲ. ಕೊನೆಯಲ್ಲಿ ಸೊನ್ನೆ ಇದೆ, ಹಾಗಾಗಿ ಎರಡಕ್ಕೂ ಐದಕ್ಕೂ ಹೋಗುತ್ತೆ. ಅಂಕಿ ಕೂಡಿಸಿದರೆ ಮೂವತ್ತು, ಹಾಗಾಗಿ ಮೂರಕ್ಕೂ ಹೋಗುತ್ತೆ. ಏಳಕ್ಕೆ? ಹೋಯಿತು. ಹನ್ನೊಂದಕ್ಕೆ, ಹದಿಮೂರಕ್ಕೆ? ಹೋಯಿತು. ಅವಿಭಾಜ್ಯ ಸಂಖ್ಯೆ ಅಂತ ಪಾಠ ಮಾಡಿದ್ದೆನಲ್ಲ, ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದಕ್ಕೂ ಭಾಗವಾಗದ ಜಿಗುಟು ಸಂಖ್ಯೆಗಳು. ಎರಡು, ಮೂರು, ಐದು, ಏಳರಿಂದ ಹಿಡಿದು ಮೂವತ್ತೊಂದರ ತನಕ ಅಂಥವು ಹನ್ನೊಂದಿವೆ. ಆ ಹನ್ನೊಂದನ್ನೂ ಒಂದಕ್ಕೊಂದು ಗುಣಿಸಿದರೆ ಬರುವುದು ನಿನ್ನ ನಂಬರು, ಸರಿಯಾಗಿ ಅಷ್ಟೇ. ಇಂಥದ್ದು ಒಂದು ಕುರಿಯ ಕಿವಿಗೆ ಬಂದು ಕೂತಿದೆ ಅಂದರೆ ಏನು ಹೇಳಲಿ! ಮೂರು ದಿನದಿಂದ ಇದನ್ನೇ ನೋಡಿಕೊಂಡು ಒಬ್ಬಳೇ ನಗುತ್ತಿದ್ದೇನೆ.

ನಿಮ್ಮತ್ತೆಗೆ ಹೇಳು, ತಾಯಿ ಪೂರ್ತಿ ಒಪ್ಪಿದ್ದಾಳೆ. ನಿಮ್ಮ ಹಬ್ಬ ಚೆನ್ನಾಗಿ ಆಗಲಿ. ನನ್ನ ಶುಭಾಶಯ.

ಶೋಭಾರಾಣಿ


ಬಂಡೂರು
27 ಫೆಬ್ರವರಿ 2025

ಮೇಡಂ,

ನಿಮ್ಮ ಕಾಗದ ತಲುಪಿತು. ನಮ್ಮ ಮನೆಯಲ್ಲಿ ಕಾಗದ ಬಂದರೆ ಜಗಲಿ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಓದುವುದು ರೂಢಿ. ನಮ್ಮ ಯಜಮಾನರು ಓದಿದರು, ಸೊನ್ನೆ ಕೊಟ್ಟ ಜಾಗ ಬಂದಾಗ ಕೆಮ್ಮಿಕೊಂಡು ಮುಂದಕ್ಕೆ ಹೋದರು. ಶೇಷ ಸೊನ್ನೆ ಅಂದ ತಕ್ಷಣ ಅತ್ತೆ ಎದ್ದು ಹೋಗಿ ಗಿಡ್ಡನ ಹಣೆಗೆ ಕುಂಕುಮ ಇಟ್ಟರು. ಅವನು ತಿನ್ನಲು ಏನೋ ಕೊಡುತ್ತಾರೆಂದು ಕೈ ನೆಕ್ಕಿದ.

ನಿಮಗೊಂದು ಮಾತು ಹೇಳಿರಲಿಲ್ಲ. ಕಾಗದ ಬರೆಯುವ ಮುಂಚೆಯೇ ಫೋನಿನಲ್ಲಿ ಭಾಗಿಸಿ ನೋಡಿದ್ದೆವು. 6915878970 ಅಂತ ಬಂದು, ಚುಕ್ಕಿ ಆದಮೇಲೆ ಸೊನ್ನೆ ಮೂರು ಅಂತ ತೋರಿಸಿತು. ಅದು ಉಳಿಕೆ ಅಂತ ನಾನು. "ಪಾಯಿಂಟು ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಕಣಮ್ಮಿ" ಅಂತ ಇವರು. ಆ ಜಗಳಕ್ಕೇ ನಿಮ್ಮ ತನಕ ಬಂದದ್ದು. ಫೋನು ನೋಡಿ ಆಮೇಲೆ ನನ್ನನ್ನು ಕೇಳುತ್ತೀಯಾ ಅಂತ ನೀವು ಬೈಯುತ್ತೀರೆಂದು ಮುಚ್ಚಿಟ್ಟೆ.

ಈಗ ಫೋನು ಸುಳ್ಳು ಹೇಳಿತೇ? ನೀವು ಆ ಒಂದನ್ನು ಸೇರಿಸಿಕೊಂಡೇ ಲೆಕ್ಕ ಮಾಡಿದಿರಿ ತಾನೇ?

ನನಗೇನೂ ಇಲ್ಲ ಅಂತ ಬರೆದಿದ್ದೆ. ಅದು ಸುಳ್ಳು ಮೇಡಂ. ನಾನು ಕುರಿ ಸಾಕುವವಳು, ಬಾಡು ತಿನ್ನದವಳಲ್ಲ, ಎಷ್ಟೋ ಕೊಟ್ಟಿದ್ದೇನೆ, ಕಣ್ಣೀರು ಹಾಕಿದವಳಲ್ಲ. ಆದರೆ ಗಿಡ್ಡನನ್ನು ಕೊಡಲು ನನ್ನ ಕೈಲಾಗುವುದಿಲ್ಲ. ಅವನನ್ನು ಕಂಡರೆ ನನಗೆ ಅಷ್ಟು ಪ್ರೀತಿ. ಕಾಳು ಉಳಿದಾಗ ಎಷ್ಟು ಸಂತೋಷ ಆಗಿತ್ತು ಅಂದರೆ ಕರಿಯಯ್ಯನವರಿಗೆ ಅನುಮಾನ ಬಂದದ್ದೇ ನನ್ನ ಮುಖ ನೋಡಿ.

ಪುಷ್ಪಾ


ಮದ್ದೂರು
3 ಮಾರ್ಚ್ 2025
(ಕಾರ್ಡು)

ಪುಷ್ಪಾ, ಯಾವ ಒಂದು? ಮರುಟಪಾಲಿಗೆ ಬರೆ. ಅಲ್ಲಿಯ ತನಕ ಯಾರೂ ಮಚ್ಚು ಮಸೆಯಕೂಡದು ಅಂತ ನಾನು ಹೇಳಿದೆ ಎಂದು ನಿಮ್ಮತ್ತೆಗೆ ಹೇಳು. ನಿನಗೆ ಶುಭಾಶಯ ಬೇರೆ ಕಳಿಸಿದ್ದೆನಲ್ಲ. ನನ್ನ ಬುದ್ಧಿಗಿಷ್ಟು.
ಶೋಭಾರಾಣಿ


ಬಂಡೂರು
7 ಮಾರ್ಚ್ 2025

ಮೇಡಂ,

ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ. ಅಷ್ಟು ವರ್ಷ ನಮ್ಮೂರಲ್ಲಿ ಇದ್ದಿರಲ್ಲ.

ನಮ್ಮ ಮನೆಗಳಲ್ಲಿ ಜೀವ ಇರುವುದರ ಲೆಕ್ಕವನ್ನು ಹೊರಗಿನವರಿಗೆ ಪೂರ್ತಿ ಹೇಳುವುದಿಲ್ಲ. ಹತ್ತು ಕುರಿ ಇದ್ದರೆ ಒಂಬತ್ತು ಅನ್ನಬೇಕು. ಬಿಟ್ಟ ಆ ಒಂದು ಪಟ್ಟಲಮ್ಮನ ಲೆಕ್ಕಕ್ಕೆ. ಆಗ ಕಣ್ಣು ತಾಗುವುದಿಲ್ಲ, ತಾಯಿ ಉಳಿದದ್ದನ್ನೂ ಕಾಯುತ್ತಾಳೆ. ಕೇಳಿದವರು ಮನಸ್ಸಿನಲ್ಲೇ ಒಂದು ಸೇರಿಸಿಕೊಳ್ಳುತ್ತಾರೆ. ಗಿಡ್ಡನ ಕಿವಿಯಲ್ಲಿರುವುದೂ ಅವನದೇ ನಂಬರಲ್ಲವೇ? ಊರು ದಾಟಿ ಹೋಗುವ ಕಾಗದದಲ್ಲಿ ಅದನ್ನು ಪೂರ್ತಿ ಬರೆಯಲು ಕೈ ಬರಲಿಲ್ಲ. ಒಂದು ಬಿಟ್ಟು ಬರೆದೆ. ನೀವು ಸೇರಿಸಿಕೊಳ್ಳುತ್ತೀರಿ ಅಂತಿದ್ದೆ.

ಅತ್ತೆಗೆ ಇದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, "ಪೂರ್ತಿ ಬರ್ದಿದ್ರೆ ನಿನ್ ಕಾಲ್ ಮುರೀತಿದ್ದೆ" ಅಂದರು. ಕರಿಯಯ್ಯನವರು ಮಾತ್ರ ಒಪ್ಪಲಿಲ್ಲ. "ಮೇಡಮ್ಮು ಇನ್ನೊಂದ್ಸಲ ಬರ್ದು ಕಳಿಸ್ಲಿ, ಆಮೇಕೆ ನೋಡವಾ" ಅಂದರು. ಕುಂಕುಮವನ್ನು ಇನ್ನೂ ಅಳಿಸಿಲ್ಲ.

ಆ ಒಂದನ್ನು ಸೇರಿಸಿ ಮಾಡಿಕೊಡಿ. ಯುಗಾದಿ ಮೂವತ್ತನೇ ತಾರೀಖು.

ಪುಷ್ಪಾ


ಮದ್ದೂರು
12 ಮಾರ್ಚ್ 2025

ಪುಷ್ಪಾ,

ಜನಗಣತಿಗೆ ನಿಮ್ಮ ಬೀದಿಗೆ ಬಂದಾಗ ಮನೆಮನೆಯಲ್ಲೂ ಒಬ್ಬರನ್ನು ಕಡಿಮೆ ಹೇಳುತ್ತಿದ್ದರು. ನಾನು ಒಳಗೆ ನುಗ್ಗಿ ತಲೆ ಎಣಿಸಿ ಜಗಳ ಆಡುತ್ತಿದ್ದೆ. ಯಾಕೆ ಅಂತ ಈಗ ಗೊತ್ತಾಯಿತು, ಇಷ್ಟು ವರ್ಷದ ಮೇಲೆ!

ಈಗ ಕೇಳು. ಒಂದು ಸೇರಿಸಿದೆ. ಕೊನೆಯ ಸೊನ್ನೆ ಹೋಗಿ ಒಂದು ಬಂತು: 200560490131. ಬಂದದ್ದೇ ತಡ, ಎಲ್ಲ ತಲೆಕೆಳಗಾಯಿತು. ನೀನು ಮೊದಲು ಬರೆದ ನಂಬರಿನಷ್ಟು ಕಾಳನ್ನು ಇಪ್ಪತ್ತೊಂಬತ್ತು ಗುಡ್ಡೆಗೆ ಸಮನಾಗಿ ಹಾಕಬಹುದು ಅಂತ ನೋಡಿದೆವಲ್ಲ. ಈಗ ಇನ್ನೊಂದು ಕಾಳು ತಂದು ಇಡು. ಅದಕ್ಕೆ ಯಾವ ಗುಡ್ಡೆಯಲ್ಲಿ ಜಾಗ? ಎಲ್ಲೂ ಇಲ್ಲ, ಹೊರಗೇ ಕೂರಬೇಕು. ಎರಡು ಗುಡ್ಡೆ ಮಾಡು, ಅದೇ ಕಾಳು ಹೊರಗೆ. ಮೂರು, ಐದು, ಏಳು, ಹನ್ನೊಂದು, ಮೂವತ್ತೊಂದು, ಏನು ಮಾಡಿದರೂ ಅದೇ ಒಂದು ಹೊರಗೆ. ನಾಲ್ಕು ಮಾಡಿದರೆ ಮೂರು ಉಳಿಯುತ್ತೆ, ಅದು ಬೇರೆ ಮಾತು, ಸೊನ್ನೆಯಂತೂ ಬರುವುದಿಲ್ಲ. ಎಲ್ಲಕ್ಕೂ ಬಗ್ಗುತ್ತಿದ್ದ ನಂಬರನ್ನು ಯಾವುದಕ್ಕೂ ಬಗ್ಗದ ಹಾಗೆ ಮಾಡಿದ್ದು ನೀನು ಬಿಟ್ಟಿದ್ದ ಆ ಒಂದು.

ಜಗಲಿಯಲ್ಲಿ ಓದುವುದಕ್ಕೆ ಬೇರೆ ಹಾಳೆ ಇಟ್ಟಿದ್ದೇನೆ: "29ಕ್ಕೆ ಭಾಗಿಸಿದರೆ ಶೇಷ 1." ರುಜು ಹಾಕಿದ್ದೇನೆ.

ಇನ್ನು ಮುಂದಿನದ್ದು ನಿನಗೆ ಮಾತ್ರ, ಓದಿಸಬೇಡ. ಹೀಗೆ ಗುಣಿಸಿ ಒಂದು ಕೂಡಿಸಿದ ಸಂಖ್ಯೆಯೆಲ್ಲ ಗಟ್ಟಿ ಅಂತ ನಂಬಬೇಡ. ಹದಿಮೂರರ ತನಕದ ಅವಿಭಾಜ್ಯಗಳನ್ನು ಗುಣಿಸಿ ಒಂದು ಕೂಡಿಸಿದರೆ 30031. ಹದಿಮೂರರ ತನಕ ಯಾವುದಕ್ಕೂ ಬಗ್ಗದೆ ಮೀಸೆ ತಿರುವುತ್ತೆ, ಐವತ್ತೊಂಬತ್ತು ಬಂದಾಗ ತೆಪ್ಪಗೆ ಭಾಗವಾಗುತ್ತೆ. ಗಿಡ್ಡನ ನಂಬರೂ ಎಲ್ಲೋ ದೂರದಲ್ಲಿ ಯಾವುದಕ್ಕಾದರೂ ಸಿಕ್ಕಿಬೀಳಬಹುದು. ನನಗೆ ನಿದ್ದೆ ಬರುತ್ತಿಲ್ಲ, ಹುಡುಕುತ್ತಿದ್ದೇನೆ.

ಶೋಭಾರಾಣಿ


ಬಂಡೂರು
17 ಮಾರ್ಚ್ 2025

ಮೇಡಂ,

ಓದಿಸಬೇಡ ಅಂದದ್ದನ್ನೂ ಓದಿಬಿಟ್ಟರು. ನಾನು ಕೊಟ್ಟಿಗೆಯಲ್ಲಿದ್ದೆ, ಟಪಾಲಿನವರು ಕವರನ್ನು ಇವರ ಕೈಗೆ ಕೊಟ್ಟರು, ಇವರು ಜಗಲಿ ಹತ್ತಿದರು. "ನಿನಗೆ ಮಾತ್ರ" ಅನ್ನುವುದನ್ನೂ ರಾಗವಾಗಿ ಓದಿದರಂತೆ.

ಶೇಷ ಒಂದು ಅಂದಾಗ ಅತ್ತೆ ಕುಂಕುಮ ಅಳಿಸಲು ಎದ್ದಿದ್ದರಂತೆ. ಅಷ್ಟರಲ್ಲಿ ಐವತ್ತೊಂಬತ್ತು ಬಂತು. ಕರಿಯಯ್ಯನವರು ಹೆಗಲ ಟವೆಲ್ಲು ಕೊಡವಿ, "ಅಂಗಾರೆ ಮನೆ ಸೇರುಸ್ರಲಾ! ಕೆಳಗಲ ಬೀದಿಯೋರ್ನೂ ಕರೀರಿ. ಯಾವ್ದೋ ಒಂದು ಲೆಕ್ಕುಕ್ಕೆ ಬಿದ್ದೇ ಬೀಳ್ತದೆ. ಮನೇಲಿ ಸಾಕಿರೋ ಬಂಡೂರು ಟಗರು ಕಣ್ಲಾ, ಬುಡಕಾದದಾ?" ಅಂದರು. ಅತ್ತೆ ಕುಂಕುಮ ಅಳಿಸದೆ ವಾಪಸು ಬಂದು ಕೂತರಂತೆ. ಸರಿಯಾಗಿ ಬಿದ್ದರೆ ಗುಡ್ಡೆಗೆ ಅಂತ ಹೇಳಿದವರು ಅವರೇ ಅಲ್ಲವೇ. ಆಡಿದ ಮಾತು, ಒಡೆದ ಮುತ್ತು.

ಈಗ ಬೀದಿಗೆಲ್ಲ ಇದೇ ಹುಚ್ಚು. ನಲ್ಲಿ ಹತ್ತಿರ ನೀರು ಹಿಡಿಯುವಾಗಲೂ ಫೋನು ಒತ್ತಿ ಭಾಗಿಸುತ್ತಾರೆ. ಮೂವತ್ತಕ್ಕೆ ಬೀಳಲಿಲ್ಲ, ಮೂವತ್ತೊಂದಕ್ಕೆ ಬೀಳಲಿಲ್ಲ. ಮೂವತ್ತೇಳು ಮನೆ ಆಗಲೇ ಸೇರಿವೆ, ಅದಕ್ಕೆಷ್ಟು ಉಳಿಯುತ್ತೆ ಅಂತ ಫೋನಿನ ಚುಕ್ಕಿಯಲ್ಲಿ ತಿಳಿಯುವುದಿಲ್ಲ. ಐವತ್ತೊಂಬತ್ತಕ್ಕೂ ಆಸೆ ಇಟ್ಟುಕೊಂಡಿದ್ದಾರೆ. ಕರಿಯಯ್ಯನವರು ಇಡೀ ಊರನ್ನೇ ಸೇರಿಸಲು ತಯಾರು.

ಅತ್ತೆ ನಿಮ್ಮನ್ನೊಂದು ಕೇಳಲು ಹೇಳಿದರು. "ಬಗ್ಗದೆ ಇರೋ ನಂಬ್ರ ಎಷ್ಟವೆ? ಮುಗೀತವಾ, ಇಲ್ವಾ?" ಇದನ್ನೇಕೆ ಕೇಳುತ್ತಾರೋ ನನಗೆ ತಿಳಿಯದು. ಆದರೆ ನಿನ್ನೆ ಸಾಯಂಕಾಲ ಗಿಡ್ಡನ ಕಿವಿ ಹಿಡಿದುಕೊಂಡು ಪಶು ಆಸ್ಪತ್ರೆಯವರ ಓಲೆಯ ಮೇಲಿನ ಅಂಕಿಯನ್ನು ಬೆರಳಿನಲ್ಲಿ ಸವರುತ್ತಾ ಬಹಳ ಹೊತ್ತು ಕೂತಿದ್ದರು. ಅವರಿಗೆ ಓದು ಬಾರದು.

ಯಾವುದಾದರೂ ಒಂದು ನಂಬರು ಇದೆಯೇ ಮೇಡಂ, ಇವನು ಸಿಕ್ಕಿಬೀಳುವಂಥದ್ದು? ಇದ್ದರೆ ಇದೆ ಅಂತಲೇ ಬರೆಯಿರಿ. ನೀವು ಸುಳ್ಳು ಬರೆದು ಅವನು ಉಳಿದರೆ ನನಗೆ ಅವನ ಮುಖ ನೋಡಲಾಗುವುದಿಲ್ಲ.

ಪುಷ್ಪಾ


ಮದ್ದೂರು
23 ಮಾರ್ಚ್ 2025

ಪುಷ್ಪಾ, ಸಿದ್ದರಾಮು, ಚಿಕ್ಕಬೋರಮ್ಮನವರು, ಮತ್ತು ಜಗಲಿಯ ಮೇಲಿರುವ ಸಕಲರಿಗೂ,

ಹೇಗೂ ಎಲ್ಲರೂ ಕೇಳಿಸಿಕೊಳ್ಳುತ್ತೀರಿ, ಎಲ್ಲರಿಗೂ ಬರೆದುಬಿಡುತ್ತೇನೆ.

ಮೂವತ್ತೇಳು ಮನೆಗೆ ಹಾಕಿದರೆ ಹನ್ನೆರಡು ಉಳಿಯುತ್ತೆ. ನಲವತ್ತೊಂದಕ್ಕೆ ಇಪ್ಪತ್ತು, ನಲವತ್ತಮೂರಕ್ಕೆ ಮೂವತ್ತೊಂಬತ್ತು. ಕರಿಯಯ್ಯನವರ ಐವತ್ತೊಂಬತ್ತಕ್ಕೆ ಮತ್ತೆ ಹನ್ನೆರಡು. ಹೀಗೆ ಕೈಯಲ್ಲಿ ಭಾಗಿಸುತ್ತಾ ಮುನ್ನೂರರ ಹತ್ತಿರ ಹೋದೆ. ಒಂದೊಂದಕ್ಕೂ ಭಾಗಿಸುವಾಗ ಏನಾದರೂ ಉಳಿಯಲಿ ಅಂತ ಬೇಡಿಕೊಳ್ಳುತ್ತಿದ್ದೆ. ಲೆಕ್ಕ ಮಾಡುವವರಿಗೆ ಪಕ್ಷಪಾತ ಇರಬಾರದು. ನನಗೆ ಇದೆ. ನಾನು ಗಿಡ್ಡನ ಕಡೆ.

ಆದರೆ ಪೂರ್ತಿ ಖಾತ್ರಿಯಾಗಬೇಕಾದರೆ ಅದರ ವರ್ಗಮೂಲದ ತನಕ, ಅಂದರೆ ನಾಲ್ಕು ಲಕ್ಷದ ನಲವತ್ತೇಳು ಸಾವಿರ ದಾಟುವ ತನಕ ನೋಡಬೇಕು. ಈ ಜನ್ಮಕ್ಕೆ ಆಗುವ ಮಾತಲ್ಲ. ಹಟ ಬಿಟ್ಟು ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಮಾಹೀನಳ ಹತ್ತಿರ ಹೋದೆ. ಅವಳು ನಾಲ್ಕು ಸಾಲು ಬರೆದು ಗುಂಡಿ ಒತ್ತಿದಳು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು. ನನ್ನ ಕಿವಿಗೆ ಬೀಳಲೆಂದು ಮಾಹೀನ ಕೂಗಿ ಹೇಳಿದಳು, "ಅವಿಭಾಜ್ಯ ಮೇಡಂ!" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಅತ್ತುಬಿಟ್ಟೆ. ಪುಷ್ಪಾ, ಬೋರ್ಡಿನ ಮುಂದೆ ನಿನಗೇಕೆ ಅಳು ಬರುತ್ತಿತ್ತು ಅಂತ ಈಗ ಸ್ವಲ್ಪ ತಿಳಿಯಿತು.

ಚಿಕ್ಕಬೋರಮ್ಮನವರೇ, ಇಂಥವು ಮುಗಿಯುತ್ತವೆಯೇ ಅಂತ ಕೇಳಿದ್ದೀರಿ. ಮುಗಿಯುವುದಿಲ್ಲ. ಬಗ್ಗದ ಸಂಖ್ಯೆ ಇಷ್ಟೇ ಇರುವುದು ಅಂತ ಯಾರಾದರೂ ಅಷ್ಟನ್ನೂ ತಂದು ನಿಮ್ಮ ಮುಂದೆ ಸುರಿಯಲಿ. ಎಲ್ಲವನ್ನೂ ಗುಣಿಸಿ, ಪಟ್ಟಲಮ್ಮನ ಒಂದನ್ನು ಸೇರಿಸಿ. ಅವರು ತಂದ ಯಾವುದೂ ಅದನ್ನು ಭಾಗ ಮಾಡಲಾರದು, ಒಂದು ಹೊರಗೇ ಉಳಿಯುತ್ತೆ. ಅಂದರೆ ಅವರ ಕೈಗೆ ಸಿಗದ ಇನ್ನೊಂದು ಎಲ್ಲೋ ಇದ್ದೇ ಇದೆ. ಇದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನಲ್ಲಿ ಬರೆದಿಟ್ಟರು. ನಾನು ಮೂವತ್ತು ವರ್ಷ ಪಾಠ ಮಾಡಿದೆ, ಆದರೆ ಆ ಒಂದನ್ನು ಯಾಕೆ ಕೂಡಿಸಬೇಕು ಅಂತ ಇಷ್ಟು ಚೆನ್ನಾಗಿ ಯಾವತ್ತೂ ಹೊಳೆದಿರಲಿಲ್ಲ.

ಕೊನೆಯದಾಗಿ, ಸುಳ್ಳು ಬರೆಯಬೇಡಿ ಅಂತ ಪುಷ್ಪಾ ಹೇಳಿದ್ದಾಳೆ. ಎಷ್ಟೇ ಜಿಗುಟಾದರೂ ಅವಿಭಾಜ್ಯ ಸಂಖ್ಯೆ ಎರಡು ಸಂಖ್ಯೆಗಳಿಗೆ ಭಾಗವಾಗಿಯೇ ಆಗುತ್ತೆ. ಮೊದಲನೆಯದು, ತನಗೆ ತಾನೇ. ಅಷ್ಟು ಮನೆ ಇಡೀ ಲೋಕದಲ್ಲಿಲ್ಲ. ಇನ್ನೊಂದು, ಒಂದಕ್ಕೆ. ಒಂದೇ ಮನೆಗೆ ಒಂದೇ ಗುಡ್ಡೆ ಅಂದರೆ ಸರಿಯಾಗಿ ಬೀಳುತ್ತೆ, ಏನೂ ಉಳಿಯುವುದಿಲ್ಲ. ಇದನ್ನು ಬರೆಯದೆ ಇರೋಣ ಅಂತ ಎರಡು ದಿನ ಕಾಗದ ಇಟ್ಟುಕೊಂಡಿದ್ದೆ. ಆದರೆ ಸಿದ್ದರಾಮುವಿಗೆ ಸೊನ್ನೆ ಕೊಟ್ಟವಳು ನಾನು. ಬರೆದಿದ್ದೇನೆ.

ಶೋಭಾರಾಣಿ


ಬಂಡೂರು
3 ಏಪ್ರಿಲ್ 2025

ಮೇಡಂ,

ಬೇಗ ಬರೆಯಲಾಗಲಿಲ್ಲ. ಹಬ್ಬದ ಕೆಲಸ, ಮೇಲೆ ಎರಡು ಕುರಿ ಮರಿ ಹಾಕಿದವು. ನೀವು ಉಗುರು ಕಚ್ಚಿಕೊಂಡು ಕೂತಿರುತ್ತೀರಿ ಅಂತ ಗೊತ್ತು.

ಕಾಗದ ಬಂದ ದಿನ ಜಗಲಿ ತುಂಬಿ ಜನ ರಸ್ತೆಯಲ್ಲೂ ನಿಂತಿದ್ದರು. ಅವಿಭಾಜ್ಯ ಅಂದಾಗ ನಾನು ಕಂಬ ಹಿಡಿದುಕೊಂಡೆ. ಒಂದಕ್ಕೆ ಭಾಗವಾಗುತ್ತೆ ಅನ್ನುವ ಸಾಲು ಬಂದಾಗ ಎಲ್ಲರೂ ಅತ್ತೆಯ ಕಡೆ ತಿರುಗಿದರು. ಆಮೇಲೆ ಕರಿಯಯ್ಯನವರೇ, "ಒಂದೇ ಮನೆ ಅಂದ್ರೆ ಯಾರ ಮನೆಗ್ಲಾ? ಗುಡ್ಡೆ ಯಜಮಾನ ನಾನಲ್ವಾ?" ಅಂದರು. ಮೂವತ್ತೇಳು ಮನೆಯವರೂ ಒಟ್ಟಿಗೆ ಬಾಯಿ ತೆಗೆದರು. ಬಾಯಿ ಜಗಳ ಕೈಗೆ ಬರುವುದೊಂದು ಬಾಕಿ.

ಅತ್ತೆ ಗೋಡೆಗೆ ಒರಗಿ ಕೂತಿದ್ದವರು ಎದ್ದರು. "ಯಾಕ್ರಲಾ ಬಡ್ಕತೀರಿ? ಟಗರ ಕಡಿಯೋದು ಯಾಕೆ? ಅಂಚಕ್ಕೆ ತಾನೇ? ಇಪ್ಪತ್ತೊಂಬತ್ತು ಮನೆಗೆ ಅಂಚಬೇಕು ಅಂದ್ರೆ ಕಡೀಬೇಕು. ಒಂದೇ ಮನೆಗೆ ಅಂದ್ಮೇಲೆ ಮಚ್ಚು ಯಾಕ್ಲಾ? ಇಡೀದಾಗೇ ಇರ್ಲಿ ಬುಡು. ಯಾವ ಮನೇಲವನೋ ಅದೇ ಮನೇಲಿರ್ಲಿ" ಅಂದರು. ಹೋಗಿ ತಮ್ಮ ಸೆರಗಿನಿಂದಲೇ ಗಿಡ್ಡನ ಹಣೆಯ ಕುಂಕುಮ ಒರೆಸಿದರು. ಕರಿಯಯ್ಯನವರು ಕೊನೆಗೆ "ಲೆಕ್ಕ ಲೆಕ್ಕವೇ ಕಣಪ್ಪ" ಅಂದು ಟವೆಲ್ಲು ಹಾಕಿಕೊಂಡು ಹೋದರು.

ನಾನು ಅತ್ತೆಯ ಕಾಲು ಹಿಡಿಯಲು ಹೋದೆ. "ಏಳಮ್ಮಿ, ಬಚ್ಚಲಿಗೆ ಉರಿ ಆಕು" ಅಂದರು. ಆಮೇಲೆ, ಯಾರೂ ಇಲ್ಲದಾಗ, "ನಾನೂ ಆ ಮರೀಗೆ ಆಲು ಕುಡ್ಸಿವ್ನಿ, ಮಾತು ಕೊಟ್ಬುಟ್ಟಿದ್ದೆ" ಅಂತ ಅಷ್ಟೇ ಹೇಳಿದರು.

ವರ್ಷತೊಡಕಿಗೆ ನಮ್ಮ ಸರದಿಯ ಟಗರು ಕೊಟ್ಟೆವು, ಬೇರೆಯದು. ಅದರ ಕಿವಿಯ ನಂಬರನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅದು ಸರಿಯೋ ತಪ್ಪೋ ಗೊತ್ತಿಲ್ಲ ಮೇಡಂ. ನೋಡಿದ್ದರೆ ನಿಮಗೆ ಮತ್ತೆ ಬರೆಯುತ್ತಿದ್ದೆ.

ಅತ್ತೆ ಈಗ ಕಾಳು ಎಣಿಸಿ ಒಂದು ಉಳಿದರೆ ಅದನ್ನು ಡಬ್ಬಿಗೆ ವಾಪಸು ಹಾಕುವುದಿಲ್ಲ. ಗಿಡ್ಡನ ಬಾಯಿಗೆ ಹಾಕುತ್ತಾರೆ. ಅವನಿಗೆ ಅದೇ ಅಭ್ಯಾಸವಾಗಿ, ಹಿಡಿ ಎತ್ತುವ ಸದ್ದಾದರೆ ಬಂದು ನಿಲ್ಲುತ್ತಾನೆ.

ಎರಡು ಹೊಸ ಮರಿಯೂ ಸೇರಿ ಈಗ ನಮ್ಮ ಮಂದೆಯಲ್ಲಿ ಹದಿನಾರು ಕುರಿಗಳಿವೆ.

ಇತಿ
ಪುಷ್ಪಾ


ಮದ್ದೂರು
8 ಏಪ್ರಿಲ್ 2025
(ಕಾರ್ಡು)

ಪುಷ್ಪಾ,
ಸೇರಿಸಿಕೊಂಡೆ. ಎಷ್ಟಾಯಿತು ಅಂತ ಬರೆಯುವುದಿಲ್ಲ.
ಶೋಭಾರಾಣಿ